ಝೂಮ್ ಮಸೂರವೋ, ಪ್ರೈಮ್ ಮಸೂರವೋ?

ಹಿರೇಬೆಂಡಿಗೇರಿಯ ಮಕ್ಕಳಿಗೆ ನಾಡಿನ ಶಿಲ್ಪವೈಭವವನ್ನು ತೋರಿಸಲು ದೂರ ಹೋಗಬೇಕಿಲ್ಲ. ನಮ್ಮ ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯಲ್ಲಿಯೇ ನಗರೇಶ್ವರ ದೇವಾಲಯವಿದೆ. ಅರವತ್ತು ಕಂಬಗಳ ಗುಡಿಯೆಂದು ಹೆಸರಾದ ಅದರೊಳಗೆ ಕ್ಯಾಮೆರಾ ಹಿಡಿದವರಿಗೆ ಎರಡು ತೊಡಕುಗಳು: ಹಿಂದೆ ಸರಿಯಲು ಸ್ಥಳ ಸಾಲದು, ಬೆಳಕೂ ಸಾಲದು.

ಸ್ಥಳದ ತೊಡಕಿಗೆ 16–35 ಮಿ.ಮೀ. ಅಗಲಕೋನದ ಝೂಮ್ ಮಸೂರವೇ ಮದ್ದು. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 16ಕ್ಕೆ ಅದು ಸುಮಾರು 107 ಡಿಗ್ರಿ ನೋಟವನ್ನು ಹಿಡಿಯುತ್ತದೆ. ಸಂಗಮದೂರ ಬದಲಾಗದ 35 ಮಿ.ಮೀ. ಪ್ರೈಮ್ ಮಸೂರ ಸುಮಾರು 63 ಡಿಗ್ರಿಯನ್ನಷ್ಟೇ. ಬೆಳಕಿನಲ್ಲಿ ಪ್ರೈಮ್ ಮೇಲು: ಎಫ್/2ರ ಪ್ರೈಮ್ ಎಫ್/4ರ ಝೂಮಿಗಿಂತ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಆದರೆ ಈ ಹಿರಿಮೆ ಗುಡಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಹತ್ತಿರದ ಕಂಬವೂ ದೂರದ ಕಂಬವೂ ಸ್ಫುಟವಾಗಬೇಕಾದರೆ ದ್ಯುತಿರಂಧ್ರವನ್ನು ಎಫ್/8ರವರೆಗೆ ಕಿರಿದುಗೊಳಿಸಲೇಬೇಕು. ಕಂಬಗಳೇನೂ ಓಡಿಹೋಗುವುದಿಲ್ಲ, ಕ್ಯಾಮೆರಾವನ್ನು ಕದಲದಂತೆ ಇರಿಸಿ ಒಂದೆರಡು ಸೆಕೆಂಡು ಕಾದರಾಯಿತು.

ಓಡುವವರು ಮಕ್ಕಳು! ವಾರ್ಷಿಕೋತ್ಸವದ ಸಂಜೆಯ ನಾಟಕಕ್ಕೆ ಪ್ರೈಮ್ ಮಸೂರವೇ ಸರಿ.

ಶಾಲೆಗೆ ಒಂದನ್ನೇ ಕೊಡಿಸಬಯಸುವ ದಾನಿಗಳು ಝೂಮನ್ನೇ ಆರಿಸಲಿ ಎಂಬುದು ನನ್ನ ಅಭಿಪ್ರಾಯ. ವೇದಿಕೆಗೆ ದೀಪಗಳನ್ನು ಹೆಚ್ಚಿಸಬಹುದು, ಗುಡಿಯ ಕಂಬಗಳನ್ನು ಸರಿಸಲಾಗದು. ಸಾಮೂಹಿಕ ಭಾವಚಿತ್ರವನ್ನು ಮಾತ್ರ 16ರಲ್ಲಿ ತೆಗೆಯಬಾರದು. ಸಾಲಿನ ತುದಿಯಲ್ಲಿ ನಿಂತವರ ಮುಖಗಳು ಅಡ್ಡಲಾಗಿ ಹಿಗ್ಗುತ್ತವೆ. ಮಸೂರವನ್ನು 35ಕ್ಕೆ ತಿರುಗಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ತೆಗೆಯಬೇಕು.