ಮನೆಮಾತಿನ ಬೆಲೆ: ಬಿಟ್ಟರೆ ಎಷ್ಟು, ಉಳಿಸಿಕೊಂಡರೆ ಎಷ್ಟು?

2001ರ ಜನಗಣತಿಯಲ್ಲಿ ಕೊಡವ ತಮ್ಮ ಮಾತೃಭಾಷೆ ಎಂದು ಬರೆಸಿದವರು 1,66,187 ಮಂದಿ. ಹತ್ತು ವರ್ಷ ಕಳೆದು 2011ರ ಗಣತಿ ನಡೆದಾಗ ಆ ಸಂಖ್ಯೆ 1,13,857. ಕಡಿಮೆಯಾದವರು 52,330 ಮಂದಿ, ಅಂದರೆ ಶೇ 31ಕ್ಕೂ ಹೆಚ್ಚು. ಅದೇ ಹತ್ತು ವರ್ಷದಲ್ಲಿ ದೇಶದ ಜನಸಂಖ್ಯೆ ಶೇ 17.6ರಷ್ಟು ಏರಿತ್ತು.

ಭಾಷೆಯ ವಿಷಯ ಬಂದಾಗ ನಮ್ಮಲ್ಲಿ ಅಭಿಮಾನದ ಮಾತು ಬೇಕಾದಷ್ಟು ಕೇಳಸಿಗುತ್ತದೆ. ಲೆಕ್ಕದ ಮಾತು ಅಪರೂಪ. ಒಂದು ಭಾಷೆ ಬಾಯಿಗೆ ಬರಲು ಎಷ್ಟು ಗಂಟೆ ಬೇಕು? ಅದನ್ನು ದುಡ್ಡು ಕೊಟ್ಟು ಕಲಿಯಲು ಹೊರಟರೆ ಎಷ್ಟಾಗುತ್ತದೆ? ಒಮ್ಮೆ ಕೈಬಿಟ್ಟ ಭಾಷೆಯನ್ನು ಮರಳಿ ತರಲು ಹೊರಟ ದೇಶಗಳು ಎಷ್ಟು ದೂರ ಸಾಗಿವೆ? ಈ ಮೂರು ಲೆಕ್ಕವನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನೆಯಲ್ಲಿ ಮಕ್ಕಳಿಗೆ ದಾಟಿಸಿದ ಭಾಷೆಗಿಂತ ಅಗ್ಗದ್ದು ಯಾವುದೂ ಇಲ್ಲ. ಮನೆಯಲ್ಲಿ ಬಿಟ್ಟು ಆಮೇಲೆ ಹುಡುಕಿಕೊಂಡು ಹೋದ ಭಾಷೆಗಿಂತ ದುಬಾರಿಯಾದದ್ದೂ ಇಲ್ಲ.

ಏರಿದ್ದೆಷ್ಟು, ಇಳಿದದ್ದೆಷ್ಟು

ಕರ್ನಾಟಕದ ನೆಲದೊಂದಿಗೆ ನಂಟಿರುವ ನಾಲ್ಕು ಭಾಷೆಗಳ ದೇಶಮಟ್ಟದ ಸಂಖ್ಯೆ ಹೀಗಿದೆ. ಮೊದಲನೆಯದು 2001ರದು, ಎರಡನೆಯದು 2011ರದು.

- ಕನ್ನಡ: 3,79,24,011; 4,37,06,512. ಶೇ 15.2 ಏರಿಕೆ.
- ತುಳು: 17,22,768; 18,46,427. ಶೇ 7.2 ಏರಿಕೆ.
- ಕೊಂಕಣಿ: 24,89,015; 22,56,502. ಶೇ 9.3 ಇಳಿಕೆ.
- ಕೊಡವ: 1,66,187; 1,13,857. ಶೇ 31.5 ಇಳಿಕೆ.

ತುಳು ಏರಿದಂತೆ ಕಂಡರೂ ಅದರ ಏರಿಕೆ ದೇಶದ ಜನಸಂಖ್ಯೆಯ ಏರಿಕೆಯ ಅರ್ಧಕ್ಕೂ ಬಂದಿಲ್ಲ. ಕೊಡಗು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 5,54,519. ಕೊಡವ ಮಾತೃಭಾಷೆ ಎಂದವರೆಲ್ಲ ಆ ಜಿಲ್ಲೆಯಲ್ಲೇ ಇದ್ದಾರೆ ಎಂದು ಹಿಡಿದರೂ ಐವರಲ್ಲಿ ಒಬ್ಬರಷ್ಟೇ ಆಗುತ್ತಾರೆ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಗಣತಿದಾರರು ಬರೆದುಕೊಳ್ಳುವುದು ಜನ ಹೇಳಿದ್ದನ್ನು. ಐವತ್ತು ಸಾವಿರ ಮಂದಿ ಒಂದೇ ದಶಕದಲ್ಲಿ ಭಾಷೆ ಮರೆತರು ಎಂದು ಇದರಿಂದ ಹೇಳಲಾಗದು. ಕೊಡವ ಮಾತನಾಡುವವರೇ ಕನ್ನಡ ಎಂದು ಬರೆಸಿರಬಹುದು. ಹಾಗೆ ಬರೆಸಿದ್ದರೆ ಅದೂ ಗಮನಿಸಬೇಕಾದ ಸಂಗತಿಯೇ. 2011ರಲ್ಲಿ ಜನ ತಮ್ಮ ಮಾತೃಭಾಷೆ ಎಂದು ಕೊಟ್ಟ ಹೆಸರುಗಳು 19,569. ಅವನ್ನು ಸೋಸಿ, ಕೂಡಿಸಿ, ಹತ್ತು ಸಾವಿರಕ್ಕಿಂತ ಹೆಚ್ಚು ಮಂದಿಯಿರುವ ಭಾಷೆಗಳೆಂದು ಕೊನೆಗೆ ಪಟ್ಟಿಯಲ್ಲಿ ಉಳಿಸಿದ್ದು 121. ಎಣಿಕೆಗೆ ಬಾರದ ಭಾಷೆಗೆ ಶಾಲೆ, ಪಠ್ಯಪುಸ್ತಕ, ಅನುದಾನ ಕೇಳುವುದು ಕಷ್ಟ.

ಹಾಗೆಂದು ಮಾನ್ಯತೆಯೊಂದೇ ಸಾಕೆ? ಕೊಂಕಣಿ 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಆದರೂ ಮುಂದಿನ ಗಣತಿಗಳ ನಡುವೆ ಅದರ ಸಂಖ್ಯೆ ಇಳಿಯಿತು. ತುಳು, ಕೊಡವ ಆ ಪಟ್ಟಿಯಲ್ಲಿ ಇನ್ನೂ ಇಲ್ಲ. ಅವನ್ನು ಸೇರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದು. ತುಳು, ಕೊಂಕಣಿ, ಕೊಡವ ಮೂರಕ್ಕೂ 1994ರಿಂದ ಸರ್ಕಾರದ ಸಾಹಿತ್ಯ ಅಕಾಡೆಮಿಗಳಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಕೂಡಿಹಾಕಿದ ‘ಪಟ್ಟೋಲೆ ಪಳಮೆ’ ಅಚ್ಚಾಗಿ 2024ಕ್ಕೆ ನೂರು ವರ್ಷ ತುಂಬಿತು. ಪುಸ್ತಕವಿದೆ, ಅಕಾಡೆಮಿಯಿದೆ. ಮನೆಯಲ್ಲಿ ಆಡುವ ಬಾಯಿ ಕಡಿಮೆಯಾದರೆ ಇವೆರಡೂ ಆ ಜಾಗ ತುಂಬಲಾರವು.

1,100 ಗಂಟೆಯ ಲೆಕ್ಕ

ದೊಡ್ಡವರಾದ ಮೇಲೆ ಭಾಷೆ ಕಲಿಯಲು ಎಷ್ಟು ಹೊತ್ತು ಬೇಕೆಂಬುದಕ್ಕೆ ಹೆಚ್ಚು ಬಳಕೆಯಲ್ಲಿರುವ ಅಂಕಿ ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯದು. ತನ್ನ ರಾಜತಾಂತ್ರಿಕರಿಗೆ ದಶಕಗಳಿಂದ ಭಾಷೆ ಕಲಿಸಿದ ಅನುಭವದ ಮೇಲೆ ಅದು ಭಾಷೆಗಳನ್ನು ವಿಂಗಡಿಸಿದೆ. ಇಂಗ್ಲಿಷ್ ಮನೆಮಾತಿನವರು ಕೆಲಸ ನಡೆಸುವ ಮಟ್ಟಕ್ಕೆ ಸ್ಪ್ಯಾನಿಷ್ ಕಲಿಯಲು 24ರಿಂದ 30 ವಾರ ಸಾಕು. ಹಿಂದಿ, ತಮಿಳು, ತೆಲುಗಿಗೆ 44 ವಾರ, ಅಂದರೆ 1,100 ತರಗತಿ ಗಂಟೆ. ಜಪಾನಿ, ಚೀನಿ, ಅರಬ್ಬಿಗೆ ಅದರ ಎರಡರಷ್ಟು, 2,200 ಗಂಟೆ. ಇದು ಚಿಕ್ಕ ಗುಂಪಿನಲ್ಲಿ, ಬೇರೆ ಕೆಲಸವಿಲ್ಲದೆ, ವಾರಕ್ಕೆ 25 ಗಂಟೆ ಕೂತು ಕಲಿಯುವವರ ಲೆಕ್ಕ. ತರಗತಿ ಮುಗಿದ ಮೇಲೆ ತಾವೇ ಓದಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ.

ತಮಿಳು, ತೆಲುಗಿನ ಒಡಹುಟ್ಟಾದ ಕನ್ನಡ, ತುಳು, ಕೊಡವಗಳಿಗೂ ಇದೇ 1,100 ಗಂಟೆಯನ್ನು ಅಂದಾಜಾಗಿ ಹಿಡಿಯಬಹುದು. ಇಂಗ್ಲಿಷ್ ಒಂದನ್ನೇ ಆಡುತ್ತ ಬೆಳೆದ ಮಗು ಇಪ್ಪತ್ತೈದರ ಹರೆಯದಲ್ಲಿ ತನ್ನ ಅಜ್ಜಿಯ ಭಾಷೆ ಕಲಿಯಲು ಕೂತರೆ ಎದುರಾಗುವುದು ಈ ಸಂಖ್ಯೆ. ಕೆಲಸದ ನಡುವೆ ವಾರಕ್ಕೆ ಐದು ಗಂಟೆ ಬಿಡುವು ಮಾಡಿಕೊಂಡರೂ 220 ವಾರ ಬೇಕು. ನಾಲ್ಕು ವರ್ಷ ದಾಟುತ್ತದೆ. ಕಲಿಸುವವರಿಗೆ ಗಂಟೆಗೆ 300 ರೂಪಾಯಿ ಎಂದು ಹಿಡಿದರೆ ಖರ್ಚು 3.30 ಲಕ್ಷ ರೂಪಾಯಿ.

ನೆರೆಯ ಭಾಷೆಯವರಿಗೆ ಈ ಲೆಕ್ಕ ಬಹಳ ಇಳಿಯುತ್ತದೆ. ಕನ್ನಡ ಕಲಿಯುವ ತೆಲುಗರಿಗೆ ವಾಕ್ಯದ ಕಟ್ಟು ಹೊಸದಲ್ಲ, ಅಕ್ಷರಗಳೂ ಹೆಚ್ಚಿನವು ಕಣ್ಣಿಗೆ ಪರಿಚಿತ. ತುಳು ಬಲ್ಲ ಮಗುವಿಗೆ ಕನ್ನಡ ಸಲೀಸು, ಕನ್ನಡ ಬಲ್ಲ ಮಗುವಿಗೆ ತುಳು ಸಲೀಸು. ಮನೆಮಾತನ್ನು ಬಿಟ್ಟುಕೊಟ್ಟ ಕುಟುಂಬ ಒಂದು ಭಾಷೆಯ ಜೊತೆಗೆ ಅದರ ನೆರೆಯ ನಾಲ್ಕು ಭಾಷೆಗಳಿಗೆ ಇದ್ದ ಸುಲಭದ ದಾರಿಯನ್ನೂ ಕಳೆದುಕೊಳ್ಳುತ್ತದೆ.

ಮನೆಯೊಳಗಿನ ಗಳಿಕೆ

ಈಗ ಇನ್ನೊಂದು ಕಡೆಯ ಲೆಕ್ಕ. ಮಗುವನ್ನು ಎಬ್ಬಿಸುವಾಗ, ಮೀಯಿಸುವಾಗ, ತುತ್ತು ಕೊಡುವಾಗ, ಮಲಗಿಸುವಾಗ ಮನೆಯವರು ಆಡುವ ಮಾತು ದಿನಕ್ಕೆ ಎರಡು ಗಂಟೆ ಎಂದಷ್ಟೇ ಹಿಡಿಯೋಣ. ವರ್ಷಕ್ಕೆ 730 ಗಂಟೆ. ಐದು ವರ್ಷ ತುಂಬುವಾಗ 3,650 ಗಂಟೆ. ರಾಜತಾಂತ್ರಿಕರ ತರಗತಿಯ ಮೂರರಷ್ಟಕ್ಕಿಂತ ಹೆಚ್ಚು ಇದು. ಗಂಟೆಗೆ ಅದೇ 300 ರೂಪಾಯಿಯಂತೆ ಬೆಲೆ ಕಟ್ಟಿದರೆ 10.95 ಲಕ್ಷ ರೂಪಾಯಿಯ ಪಾಠ. ಇದಕ್ಕೆ ಯಾರೂ ಶುಲ್ಕ ಕಟ್ಟುವುದಿಲ್ಲ, ಯಾರೂ ರಜೆ ಹಾಕುವುದಿಲ್ಲ.

ಈ ಗಳಿಕೆ ನಿಲ್ಲುವುದು ಒಂದೇ ದಿನದಲ್ಲಲ್ಲ. ಪುತ್ತೂರಿನಿಂದ ಅಜ್ಜಿ ವಿಡಿಯೊ ಕಾಲ್ ಮಾಡಿ ಬೆಂಗಳೂರಿನ ಮೊಮ್ಮಗನನ್ನು ‘ಒಣಸ್ ಆಂಡಾ?’ ಎಂದು ಕೇಳುತ್ತಾರೆ. ಊಟ ಆಯಿತಾ ಎಂದು ಕೇಳಿದ್ದು ಹುಡುಗನಿಗೆ ಅರ್ಥವಾಗುತ್ತದೆ. ‘ಯೆಸ್ ಅಜ್ಜಿ’ ಎನ್ನುತ್ತಾನೆ. ಏನು ತಿಂದೆ ಎಂದು ಕೇಳಿದರೆ ಅಮ್ಮನ ಮುಖ ನೋಡುತ್ತಾನೆ. ಅಮ್ಮ ತುಳುವಿನಲ್ಲಿ ಹೇಳಿಕೊಟ್ಟದ್ದನ್ನು ಅರ್ಧ ಹೇಳಿ ಓಡಿಹೋಗುತ್ತಾನೆ. ಕೇಳಿ ತಿಳಿಯುವ ಶಕ್ತಿ ಅವನಲ್ಲಿ ಇನ್ನೂ ಇದೆ. ಆಡುವ ಅಭ್ಯಾಸ ಇಲ್ಲ. ಅವನಿಗೆ ಮಕ್ಕಳಾಗುವ ಹೊತ್ತಿಗೆ ಕೇಳಿಸುವವರೂ ಇರುವುದಿಲ್ಲ. ಕರಾವಳಿಯ, ಕೊಡಗಿನ ಎಷ್ಟೋ ಮನೆಗಳಲ್ಲಿ ಇದು ನಿತ್ಯದ ಮಾತು. ಕನ್ನಡದ ಮನೆಗಳಿಗೂ ಇದು ಹೊರಗಿನದಲ್ಲ. 4.37 ಕೋಟಿ ಎಂಬ ಸಂಖ್ಯೆ ಧೈರ್ಯ ಕೊಡುತ್ತದೆ ನಿಜ, ಆದರೆ ಮಗು ಯಾವ ಭಾಷೆಯಲ್ಲಿ ಉತ್ತರ ಕೊಡುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ.

ಐರ್ಲೆಂಡ್ ಮತ್ತು ವೇಲ್ಸ್ ತೆತ್ತ ಬೆಲೆ

1851ರಲ್ಲಿ ಐರ್ಲೆಂಡ್ ದ್ವೀಪದ ಗಣತಿಯಲ್ಲಿ ಮೊದಲ ಬಾರಿ ಭಾಷೆಯ ಪ್ರಶ್ನೆ ಕೇಳಲಾಯಿತು. ಆಲೂಗಡ್ಡೆ ಬೆಳೆ ಕೊಳೆತು ಬಂದ ಭೀಕರ ಬರಗಾಲ ಆಗಷ್ಟೇ ಹಳ್ಳಿಗಳನ್ನು ಬರಿದು ಮಾಡಿತ್ತು. ಐರಿಷ್ ಬಲ್ಲವರು ಆಗಲೂ 15 ಲಕ್ಷಕ್ಕಿಂತ ಹೆಚ್ಚು ಇದ್ದರು. ಮುಂದಿನ ತಲೆಮಾರುಗಳಲ್ಲಿ ತಂದೆತಾಯಂದಿರು ಮಕ್ಕಳೊಡನೆ ಇಂಗ್ಲಿಷ್‌ಗೆ ಹೊರಳಿದರು. ಕೆಲಸ, ವಲಸೆ ಎಲ್ಲಕ್ಕೂ ಅದೇ ಬೇಕಿತ್ತು. 1922ರಲ್ಲಿ ಸ್ವಂತ ಸರ್ಕಾರ ಬಂದ ಮೇಲೆ ಐರಿಷ್ ಶಾಲೆಗಳಲ್ಲಿ ಕಡ್ಡಾಯವಾಯಿತು. 1937ರ ಸಂವಿಧಾನ ಅದನ್ನು ಮೊದಲ ಅಧಿಕೃತ ಭಾಷೆ ಎಂದಿತು.

ನೂರು ವರ್ಷದ ಶಾಲಾ ಪಾಠದ ಫಲ 2022ರ ಗಣತಿಯಲ್ಲಿ ಕಾಣುತ್ತದೆ. ಐರಿಷ್ ಮಾತನಾಡಬಲ್ಲೆವು ಎಂದವರು 18,73,997. ಐರ್ಲೆಂಡ್ ಗಣರಾಜ್ಯದ ಶೇ 40 ಮಂದಿ. ಕಾಗದದ ಮೇಲೆ ಇದು 1851ಕ್ಕಿಂತ ಹೆಚ್ಚು. ಅವರಲ್ಲಿ ಚೆನ್ನಾಗಿ ಬರುವುದಿಲ್ಲ ಎಂದವರು ಅರ್ಧಕ್ಕಿಂತ ಹೆಚ್ಚು. ಶಾಲೆಯ ಹೊರಗೆ ದಿನವೂ ಆ ಭಾಷೆ ಆಡುವವರು 71,968. ಬಲ್ಲೆ ಎಂದ ನೂರು ಮಂದಿಯಲ್ಲಿ ನಾಲ್ವರೂ ಇಲ್ಲ. ಐರ್ಲೆಂಡಿನ ಶಾಲೆಗಳು ಸೋತವು ಎಂದು ನಾನು ಹೇಳಲಾರೆ. ಅವು ಇಲ್ಲದಿದ್ದರೆ ಈ ಸಂಖ್ಯೆಯೂ ಇರುತ್ತಿರಲಿಲ್ಲ. ಮನೆ ಬಿಟ್ಟುಕೊಟ್ಟದ್ದನ್ನು ಶಾಲೆಯೊಂದೇ ತುಂಬಿಕೊಡಬೇಕಾದಾಗ ಒಂದು ಶತಮಾನವೂ ಸಾಲದು ಎಂಬುದು ಈ ಅಂಕಿಗಳ ಪಾಠ.

ವೇಲ್ಸ್‌ನದು ತುಸು ಬೇರೆ ಕತೆ. 1911ರಲ್ಲಿ ಅಲ್ಲಿ ವೆಲ್ಷ್ ಬಲ್ಲವರು 9.77 ಲಕ್ಷ, ಶೇ 43.5. 2021ರಲ್ಲಿ 5.38 ಲಕ್ಷ, ಶೇ 17.8. 2050ರ ಹೊತ್ತಿಗೆ 10 ಲಕ್ಷ ಮುಟ್ಟಿಸಬೇಕೆಂದು ಅಲ್ಲಿನ ಸರ್ಕಾರ 2017ರಲ್ಲಿ ಗುರಿ ಇಟ್ಟುಕೊಂಡಿದೆ. 1911ರಲ್ಲಿ ಇದ್ದಷ್ಟೇ ಮಂದಿಯನ್ನು ಮರಳಿ ಪಡೆಯಲು ಒಂದು ದೇಶ ಮೂರು ದಶಕದ ಯೋಜನೆ ಹಾಕಿಕೊಂಡಿದೆ.

ವೇಲ್ಸ್‌ನಿಂದ ನಮಗೆ ಬೇಕಾದ ಅಂಕಿ ಇನ್ನೊಂದಿದೆ. 2011ರ ಗಣತಿಯ ಪ್ರಕಾರ ತಂದೆತಾಯಿ ಇಬ್ಬರೂ ವೆಲ್ಷ್ ಬಲ್ಲ ಮನೆಗಳಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಶೇ 82 ಮಂದಿಗೆ ಭಾಷೆ ಬರುತ್ತಿತ್ತು. ಒಬ್ಬರೇ ಬಲ್ಲ ಮನೆಗಳಲ್ಲಿ ಅದು ಸುಮಾರು ಶೇ 45. ತುಳುವ ಅಪ್ಪ, ಮಲಯಾಳಿ ಅಮ್ಮ ಅಥವಾ ಕೊಡವ ಅಮ್ಮ, ತಮಿಳು ಅಪ್ಪ ಇರುವ ಮನೆಗಳು ನಮ್ಮ ನಗರಗಳಲ್ಲಿ ಬೇಕಾದಷ್ಟಿವೆ. ಅಂಥ ಮನೆಗಳಲ್ಲಿ ಇಂಗ್ಲಿಷ್ ಸುಲಭದ ಹೊಂದಾಣಿಕೆಯಾಗಿ ಬಂದುಬಿಡುತ್ತದೆ. ಯಾರಿಗೂ ಬೇಸರವಿಲ್ಲದ ಆ ಹೊಂದಾಣಿಕೆಯಲ್ಲಿ ಎರಡು ಭಾಷೆಗಳು ಒಟ್ಟಿಗೆ ಕೈತಪ್ಪುತ್ತವೆ.

ಒಂದು ಬಂದರೆ ಇನ್ನೊಂದು ಹೋಗಬೇಕೆ?

ಮಗುವಿಗೆ ಇಂಗ್ಲಿಷ್ ಬರಬೇಕು, ಅದಕ್ಕಾಗಿ ಮನೆಮಾತು ಬಿಡಬೇಕು ಎಂಬ ನಂಬಿಕೆಯನ್ನು ನಮ್ಮದೇ ಅಂಕಿಗಳು ಸುಳ್ಳು ಮಾಡುತ್ತವೆ. 2011ರಲ್ಲಿ ದೇಶದ ಶೇ 26 ಮಂದಿ ಎರಡು ಭಾಷೆ ಬಲ್ಲವರು, ಶೇ 7 ಮಂದಿ ಮೂರು ಭಾಷೆ ಬಲ್ಲವರು. ಕರ್ನಾಟಕದ 6.11 ಕೋಟಿ ಜನರಲ್ಲಿ ಕನ್ನಡ ಮನೆಮಾತಿನವರು ಸುಮಾರು ಮೂರರಲ್ಲಿ ಎರಡು ಪಾಲು. ಕನ್ನಡವನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿತವರು ದೇಶದಲ್ಲಿ ಸುಮಾರು ಒಂದೂವರೆ ಕೋಟಿ. ಕನ್ನಡ ಮನೆಮಾತಿನವರು ಮೂವರಿದ್ದರೆ, ಅದನ್ನು ಕಲಿತು ಆಡುವವರು ಇನ್ನೊಬ್ಬರಿದ್ದಾರೆ.

ಕಲಿತವರ ಕನ್ನಡ ಯಾವ ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೂ ಒಂದು ಅಂಕಿಯಿದೆ. ಕನ್ನಡಕ್ಕೆ ಬಂದ ಜ್ಞಾನಪೀಠ ಎಂಟು. ಪಡೆದವರಲ್ಲಿ ಮೂವರ ಮನೆಮಾತು ಬೇರೆ: ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮನೆಮಾತು ಬೇರೆಯಿತ್ತು ಎಂಬುದು ಇವರ ಕನ್ನಡವನ್ನು ಎಲ್ಲೂ ತಡೆಯಲಿಲ್ಲ.

ಸರ್ಕಾರಕ್ಕೂ ಹಲವು ಭಾಷೆ ಹೊರಲಾಗದ ಭಾರವಲ್ಲ. ಐರೋಪ್ಯ ಒಕ್ಕೂಟ 24 ಅಧಿಕೃತ ಭಾಷೆಗಳಲ್ಲಿ ಕೆಲಸ ನಡೆಸುತ್ತದೆ. ಒಂದರಿಂದ ಇನ್ನೊಂದಕ್ಕೆ ಅನುವಾದದ ಜೋಡಿಗಳೇ 552. ಇಷ್ಟಾಗಿಯೂ ಭಾಷಾ ಸೇವೆಗಳ ಖರ್ಚು ಒಕ್ಕೂಟದ ಬಜೆಟ್ಟಿನ ಶೇ 1ಕ್ಕಿಂತ ಕಡಿಮೆ, ತಲೆಗೆ ವರ್ಷಕ್ಕೆ ಸುಮಾರು 2 ಯೂರೊ.

ಅರ್ಧ ಗಂಟೆಯಿಂದ ಆಗುವುದು

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಕನ್ನಡ ಸಂಘಗಳು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತವೆ. ಸ್ವಯಂಸೇವಕರ ಶ್ರಮದಿಂದ ನಡೆಯುವ ಈ ತರಗತಿಗಳಿಗೆ ಕೈಮುಗಿಯಬೇಕು. ಆದರೆ ಲೆಕ್ಕ ನೋಡಿ: ವಾರಕ್ಕೆ ಎರಡು ಗಂಟೆಯಂತೆ ವರ್ಷಕ್ಕೆ 35 ವಾರ ನಡೆದರೆ 70 ಗಂಟೆ. 1,100 ಗಂಟೆ ಮುಟ್ಟಲು ಹದಿನೈದು ವರ್ಷಕ್ಕೂ ಹೆಚ್ಚು ಬೇಕು. ಆರು ವರ್ಷದಲ್ಲಿ ಸೇರಿದ ಮಗುವಿಗೆ ಅಷ್ಟರಲ್ಲಿ ಇಪ್ಪತ್ತೊಂದು ದಾಟಿರುತ್ತದೆ. ತರಗತಿ ಅಕ್ಷರ ಕಲಿಸುತ್ತದೆ, ಜೊತೆಗಾರರನ್ನು ಕೊಡುತ್ತದೆ. ಗಂಟೆಗಳನ್ನು ಕೊಡಬೇಕಾದದ್ದು ಮನೆ.

ಮನೆ ಕೊಡಬೇಕಾದದ್ದು ಹೆಚ್ಚೇನೂ ಅಲ್ಲ. ಒಬ್ಬರೇ ಭಾಷೆ ಬಲ್ಲ ಮನೆ, ಇಬ್ಬರಿಗೂ ಕೆಲಸ, ಸಂಜೆ ಸಿಗುವುದು ಅರ್ಧ ಗಂಟೆ ಎಂದೇ ಇಟ್ಟುಕೊಳ್ಳಿ. ಆ ಅರ್ಧ ಗಂಟೆ ಮಗುವನ್ನು ಮಾತನಾಡಿಸಿ, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆದರೆ ವರ್ಷಕ್ಕೆ 182.5 ಗಂಟೆ. ಆರು ವರ್ಷ ತುಂಬುವಾಗ 1,095 ಗಂಟೆ. ದೊಡ್ಡವರಾದ ಮೇಲೆ ಮೂರು ಲಕ್ಷ ರೂಪಾಯಿಗೆ ಕೊಳ್ಳಬೇಕಾದದ್ದು ಅಲ್ಲಿಗೇ ಕೈಸೇರಿತು.

ಮುಂದಿನ ಜನಗಣತಿಯ ಎಣಿಕೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯಲಿದೆ. 2011ರ ನಮೂನೆಯಲ್ಲಿ ಮಾತೃಭಾಷೆಗೆ ಒಂದು ಪ್ರಶ್ನೆ, ಬಲ್ಲ ಬೇರೆ ಎರಡು ಭಾಷೆಗಳಿಗೆ ಇನ್ನೊಂದು ಪ್ರಶ್ನೆ ಇತ್ತು. ಕೇಳುವವರು ಬಾಗಿಲಿಗೆ ಬಂದಾಗ ತುಳುವರು ತುಳು ಎನ್ನಲಿ, ಕೊಡವರು ಕೊಡವ ಎನ್ನಲಿ, ಬಲ್ಲ ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಮರೆಯದೆ ಬರೆಸಲಿ. ಹಾಗೆ ಬರೆಸಿದರೆ ಕನ್ನಡಕ್ಕೆ ನಷ್ಟವಿಲ್ಲ. ಒಂದೂವರೆ ಕೋಟಿಯ ಆ ಸಾಲು ಇನ್ನಷ್ಟು ಬೆಳೆಯುತ್ತದೆ. ಇಂದು ಐದು ವರ್ಷದವರಾಗಿರುವ ಮಕ್ಕಳು 2040ರ ದಶಕದಲ್ಲಿ ಮಾತೃಭಾಷೆಯ ಸಾಲಿನಲ್ಲಿ ಏನು ಬರೆಸುತ್ತಾರೆ ಎಂಬುದನ್ನು ಈಗಿನ ತಂದೆತಾಯಂದಿರು ತೀರ್ಮಾನಿಸುತ್ತಿದ್ದಾರೆ. ದಿನಕ್ಕೆ ಅರ್ಧ ಗಂಟೆಯನ್ನು ನಾವು ಕೊಡದಿದ್ದರೆ 1,100 ಗಂಟೆಯ ಸಾಲ ಅವರ ತಲೆಗೆ ಬರುತ್ತದೆ.