ಅಪ್ಪನ ಮೂರು ತಿಂಗಳು

ಮನೆಯಲ್ಲಿ ಹೆಣ್ಣುಮಗಳು ಬಸುರಾದರೆ ಸಾಕು, ಪಥ್ಯ ಶುರುವಾಗುತ್ತದೆ. ಪಪ್ಪಾಯಿ ಮುಟ್ಟಬೇಡ, ಗ್ರಹಣದ ಹೊತ್ತು ಹೊರಗೆ ಕಾಲಿಡಬೇಡ, ಭಾರ ಎತ್ತಬೇಡ. ಗಂಡನಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ. ಅವನು ದಿನಾ ಗಾಂಜಾ ಸೇದುವವನಾದರೂ 'ಹೊಟ್ಟೆಯಲ್ಲಿ ಹೊರುವವಳು ಅವಳು ತಾನೇ' ಎಂಬ ಮಾತಿಗೆ ಎಲ್ಲ ಮುಗಿದುಹೋಗುತ್ತದೆ. ಮಗುವಿಗೆ ಏನಾದರೂ ಊನವಾದರೆ ಬೊಟ್ಟು ಮಾಡುವುದೂ ಅವಳ ಕಡೆಗೇ.

ಈ ನಂಬಿಕೆ ಅಮೆರಿಕದಲ್ಲಿ ಹೆಂಗಸರನ್ನು ಪೊಲೀಸರ ಕೈಗೆ ಕೊಟ್ಟಿತು. 1980ರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ಹಾವಳಿ ಎದ್ದಾಗ, ಬಸಿರಿನಲ್ಲಿ ಅದನ್ನು ಸೇದಿದವರ ಮಕ್ಕಳಾದ 'ಕ್ರ್ಯಾಕ್ ಬೇಬಿ'ಗಳ ಇಡೀ ಪೀಳಿಗೆಯೇ ಹಾಳಾಯಿತೆಂದು ಪತ್ರಿಕೆಗಳು ಬರೆದವು. ದಕ್ಷಿಣ ಕ್ಯಾರೊಲಿನಾದ ಚಾರ್ಲ್‌ಸ್ಟನ್‌ನ ಸರ್ಕಾರಿ ಆಸ್ಪತ್ರೆಯೊಂದು ಬಸುರಿಯರ ಮೂತ್ರ ಪರೀಕ್ಷೆ ಮಾಡಿ ಫಲಿತಾಂಶವನ್ನು ಪೊಲೀಸರಿಗೆ ಒಪ್ಪಿಸುತ್ತಿತ್ತು. ಒಪ್ಪಿಗೆ ಇಲ್ಲದೆ ಹೀಗೆ ಪರೀಕ್ಷಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಫಿಲಡೆಲ್ಫಿಯಾದ ವೈದ್ಯೆ ಹ್ಯಾಲಮ್ ಹರ್ಟ್ 1989ರಿಂದ 224 ಶಿಶುಗಳನ್ನು ಆಯ್ದುಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಅರ್ಧದಷ್ಟು ಮಕ್ಕಳ ತಾಯಂದಿರು ಬಸಿರಿನಲ್ಲಿ ಕೊಕೇನ್ ಸೇವಿಸಿದ್ದರು, ಉಳಿದವರು ಸೇವಿಸಿರಲಿಲ್ಲ. ಬುದ್ಧಿಮತ್ತೆಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡೂ ಗುಂಪು ಹಿಂದುಳಿದಿದ್ದವು, ಕಾರಣ ಬಡತನ.

ಅಷ್ಟು ವರ್ಷ ಆ ಮಕ್ಕಳ ಅಪ್ಪಂದಿರು ಏನು ಸೇದುತ್ತಿದ್ದರೆಂದು ಕೇಳಿದವರು ತೀರ ಕಡಿಮೆ. ನಶೆ ಏರಿಸಿದ ಗಂಡು ಇಲಿಗಳ ಮರಿಗಳಲ್ಲಿ ನಡವಳಿಕೆಯ ವ್ಯತ್ಯಾಸಗಳನ್ನು ಬಾಸ್ಟನ್ನಿನ ವಿಜ್ಞಾನಿ ಗ್ಲ್ಯಾಡಿಸ್ ಫ್ರೀಡ್ಲರ್ 1970ರ ದಶಕದಲ್ಲೇ ಕಂಡಿದ್ದರು. ಕೊಕೇನ್ ಮನುಷ್ಯರ ವೀರ್ಯಾಣುವಿಗೆ ಅಂಟಿಕೊಳ್ಳಬಲ್ಲದೆಂಬ ವರದಿ 1991ರಲ್ಲಿ ಬಂತು. ಅಪ್ಪನನ್ನೂ ಪ್ರಶ್ನಿಸಲು ಇಷ್ಟು ಸಾಕಿತ್ತು.

ಇನ್ನೊಂದು ನಂಬಿಕೆ ಗಂಡಸರ ನಡುವೆ ಗಟ್ಟಿಯಾಗಿದೆ: ಬೀಜ ಕೆಟ್ಟಿದ್ದರೆ ಮೊಳೆಯುವುದೇ ಇಲ್ಲ, ಗರ್ಭ ನಿಂತಿತೆಂದರೆ ಎಲ್ಲ ಸರಿಯಿದೆ ಎಂದೇ ಅರ್ಥ. ವೀರ್ಯಾಣುಗಳ ಎಣಿಕೆಗೆ ಏಟು ಬೀಳುವುದು ನಿಜ. 2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ 1,215 ಯುವಕರ ಪೈಕಿ ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಗಾಂಜಾ ಸೇದುವವರ ವೀರ್ಯಾಣು ಸಾಂದ್ರತೆ 28% ಕಡಿಮೆಯಿತ್ತು. ಆದರೆ ಎಣಿಕೆ ಚೆನ್ನಾಗಿದ್ದು ಗರ್ಭ ನಿಂತ ಮಾತ್ರಕ್ಕೆ ಆ ವೀರ್ಯಾಣು ಹೊತ್ತು ತಂದದ್ದೆಲ್ಲ ಸ್ವಚ್ಛವೆಂದಲ್ಲ. ಡಿಎನ್‌ಎ ಅಕ್ಷರಗಳು ಬದಲಾಗದೆಯೇ ಅವುಗಳ ಮೇಲೆ ಕೂರುವ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಬದಲಾಗಬಲ್ಲವು. ಯಾವ ವಂಶವಾಹಿ ಎಷ್ಟು ಕೆಲಸ ಮಾಡಬೇಕೆಂದು ಹೇಳುವುದರಲ್ಲಿ ಈ ಗುರುತುಗಳ ಪಾಲಿದೆ. ಡ್ಯೂಕ್ ವಿಶ್ವವಿದ್ಯಾಲಯದವರು 2018ರಲ್ಲಿ 24 ಗಂಡಸರನ್ನು ಪರೀಕ್ಷಿಸಿದಾಗ, ಗಾಂಜಾ ಸೇದುವವರ ವೀರ್ಯಾಣುಗಳಲ್ಲಿ ಗುರುತುಗಳು ಅದಲುಬದಲಾಗಿದ್ದವು. ಮೂತ್ರದಲ್ಲಿ ಗಾಂಜಾದ ಅಂಶ ಹೆಚ್ಚಿದ್ದಷ್ಟೂ ಬದಲಾವಣೆ ಹೆಚ್ಚು. ಅದು ಸಣ್ಣ ಅಧ್ಯಯನ. ಆ ಗುರುತುಗಳು ಹುಟ್ಟುವ ಮಗುವಿನಲ್ಲೂ ಉಳಿಯುತ್ತವೆಂದು ಅದರಿಂದ ಸಾಬೀತಾಗಿಲ್ಲ.

ಹಾಗಾದರೆ ನಶೆಗೆ ಬಿದ್ದ ಅಪ್ಪನ ಮಗನೂ ನಶೆಗೆ ಬೀಳಲೇಬೇಕೇ? ಊರಿನಲ್ಲಿ 'ಅವನ ರಕ್ತದಲ್ಲೇ ಇದೆ' ಎಂದು ಹುಡುಗರ ಎದುರೇ ಆಡುವುದನ್ನು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಪಿಯರ್ಸ್ ತಂಡ ಗಂಡು ಇಲಿಗಳಿಗೆ 60 ದಿನ ಬೇಕಾದಷ್ಟು ಕೊಕೇನ್ ತೆಗೆದುಕೊಳ್ಳಲು ಬಿಟ್ಟಿತು. ಆಮೇಲೆ ಕೊಕೇನ್ ಸೋಂಕದ ಹೆಣ್ಣಿಲಿಗಳ ಜೊತೆ ಕೂಡಿಸಿತು. 2013ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರ ಊಹೆಯನ್ನು ತಲೆಕೆಳಗು ಮಾಡಿತು: ಗಂಡು ಮರಿಗಳು ಬೇರೆ ಮರಿಗಳಿಗಿಂತ ಕಡಿಮೆ ಕೊಕೇನ್ ತೆಗೆದುಕೊಂಡವು. ಹೆಣ್ಣು ಮರಿಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಇದನ್ನು ಕೇಳಿ ಹಿಗ್ಗುವಂತಿಲ್ಲ, ಏಕೆಂದರೆ ಅಂಥ ಗಂಡು ಮರಿಗಳ ನೆನಪಿನ ಶಕ್ತಿ ಕುಂದಿದ್ದನ್ನು ಅದೇ ತಂಡ ಮುಂದೆ ಕಂಡಿತು. ಚೀನಾದ ವಿಜ್ಞಾನಿಗಳು 2017ರಲ್ಲಿ ಮತ್ತೊಂದು ಮುಖ ತೋರಿಸಿದರು: ಕೊಕೇನಿಗಾಗಿ ಹಪಹಪಿಸಿದ ಇಲಿಗಳ ಮರಿಗಳು ಅದರ ಸೆಳೆತಕ್ಕೆ ಬೇಗ ಸಿಕ್ಕಿದವು. ಹಣೆಬರಹ ಹೀಗೆ ಒಂದೇ ಗೆರೆಯಲ್ಲಿ ಇಳಿದು ಬರುವುದಿಲ್ಲ. ಇಲಿಗೆ ಸಾಲವಿಲ್ಲ, ಮನೆಯ ಜಗಳವಿಲ್ಲ. ಮನುಷ್ಯರಲ್ಲಿ ಅಪ್ಪನ ವೀರ್ಯದ ಪಾಲೆಷ್ಟು, ಅಪ್ಪನ ಜೊತೆ ಬಾಳಿದ ವರ್ಷಗಳ ಪಾಲೆಷ್ಟು ಎಂದು ಬಿಡಿಸುವುದು ತುಂಬಾ ಕಷ್ಟ.

'ಹೋದ ವಾರವೇ ಬಿಟ್ಟೆ, ಇನ್ನು ಚಿಂತೆಯಿಲ್ಲ' ಎನ್ನುವವರಿದ್ದಾರೆ, 'ಎಷ್ಟೋ ವರ್ಷ ಸೇದಿದೆ, ಇನ್ನು ಬಿಟ್ಟೇನು ಫಲ' ಎನ್ನುವವರೂ ಇದ್ದಾರೆ. ಇಬ್ಬರೂ ತಪ್ಪು. ಒಂದು ವೀರ್ಯಾಣು ತಯಾರಾಗಲು 70 ದಿನಗಳ ಆಸುಪಾಸು ಬೇಕು, ಮಾಗಿ ಹೊರಬರಲು ಇನ್ನೂ ಕೆಲವು ದಿನ. ಒಟ್ಟಿನಲ್ಲಿ ಸುಮಾರು ಮೂರು ತಿಂಗಳು. ಗಾಂಜಾ ಸೇದುವವರು 77 ದಿನ ಬಿಟ್ಟಿದ್ದಾಗ ಅವರ ವೀರ್ಯಾಣುವಿನ ಬದಲಾವಣೆಗಳು ತಗ್ಗಿದ್ದನ್ನು ಡ್ಯೂಕ್ ತಂಡ 2021ರಲ್ಲಿ ವರದಿ ಮಾಡಿತು. ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ವಿಷಯದಲ್ಲಿ ಯುರೋಪಿನ ಔಷಧ ಸಂಸ್ಥೆ 2024ರಲ್ಲಿ ಗಂಡಸರಿಗೆ ಎಚ್ಚರಿಕೆ ಹೇಳಿದಾಗಲೂ ಲೆಕ್ಕ ಹಾಕಿದ್ದು ಗರ್ಭಧಾರಣೆಗೆ ಮುಂಚಿನ ಮೂರು ತಿಂಗಳನ್ನೇ. ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಫಿಟ್ಸ್ ಮರಳಿದರೆ ಪ್ರಾಣಕ್ಕೇ ಕುತ್ತು, ವೈದ್ಯರನ್ನು ಕೇಳಿಯೇ ಬದಲಿಸಬೇಕು. ನಶೆ ಬಿಡಲು ನೆರವು ಬೇಕಾದವರು 14446ಕ್ಕೆ ಕರೆ ಮಾಡಬಹುದು, ಅದು ಉಚಿತ ಸಹಾಯವಾಣಿ.

ನಮ್ಮಲ್ಲಿ ತಾಯಿ ಕಾರ್ಡ್ ಕೈಗೆ ಬರುವುದು ಗರ್ಭ ನಿಂತ ಮೇಲೆ. ತೂಕ, ರಕ್ತ, ಕಬ್ಬಿಣದ ಮಾತ್ರೆ ಎಂದು ಆಶಾ ಕಾರ್ಯಕರ್ತೆ ಅವಳ ವಿಚಾರಣೆ ಶುರುಮಾಡುವ ಹೊತ್ತಿಗೆ ಅಪ್ಪನ ಮೂರು ತಿಂಗಳು ಆಗಲೇ ಮುಗಿದಿರುತ್ತದೆ.