ಬಿಕ್ಕಟ್ಟಿನ ನಾಡಿಗೆ ಪ್ರವಾಸ ಹೋಗಬಹುದೇ?

ಶಾಲೆಗೆ ರಜೆ ಹತ್ತಿರ ಬಂತೆಂದರೆ ನಮ್ಮೆಲ್ಲರ ಮನೆಯಲ್ಲೂ ಒಂದೇ ಪ್ರಶ್ನೆ: "ಈ ಸಲ ಎಲ್ಲಿಗೆ?" 2022ರ ಡಿಸೆಂಬರ್‌ನಲ್ಲಿ ನಾನು "ಶ್ರೀಲಂಕಾ" ಅಂದಾಗ ನನ್ನ ಹೆಂಡತಿ ದುರುಗುಟ್ಟಿಕೊಂಡು ನೋಡಿದಳು. "ಅಲ್ಲಿ ಜನ ಗ್ಯಾಸ್ ಸಿಲಿಂಡರಿಗೆ ಕ್ಯೂ ನಿಂತಿದ್ದನ್ನು ಟೀವಿಯಲ್ಲಿ ನೋಡಿದೀವಿ. ನಾವು ಹೋಗಿ ಬೀಚಿನಲ್ಲಿ ಎಳನೀರು ಕುಡಿಯೋದಾ?"

ಸಿಂಗಪುರದಿಂದ ಕೊಲಂಬೋಗೆ ವಿಮಾನದಲ್ಲಿ ನಾಲ್ಕು ಗಂಟೆ. ಟಿಕೆಟ್ ಅಗ್ಗವಾಗಿತ್ತು. ಆದರೆ ಅವಳ ಮಾತು ಮಾತ್ರ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಕೊನೆಗೂ ಹೊರಟೆವು.

ಆ ದ್ವೀಪದ ಕಥೆ ಬರಗಾಲದಲ್ಲಿ ಅಧಿಕಮಾಸ ಬಂದ ಹಾಗೆ. 2009ರಲ್ಲಿ ಯುದ್ಧ ಮುಗಿದ ಮೇಲೆ ಪ್ರವಾಸಿಗರು ಹೆಚ್ಚುತ್ತಾ ಹೋಗಿ, 2018ರಲ್ಲಿ 23 ಲಕ್ಷ ದಾಟಿದ್ದರು. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಚರ್ಚುಗಳಲ್ಲೂ ದೊಡ್ಡ ಹೋಟೆಲುಗಳಲ್ಲೂ ಬಾಂಬ್ ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕರ್ನಾಟಕದವರೂ ಅವರಲ್ಲಿದ್ದರು. ಲೋಕಸಭಾ ಚುನಾವಣೆಯ ಕೆಲಸ ಮುಗಿಸಿ, ನಾಲ್ಕು ದಿನ ಆರಾಮವಾಗಿರೋಣ ಅಂತ ಹೋಗಿದ್ದ ಜೆಡಿಎಸ್ ಕಾರ್ಯಕರ್ತರು ಅವರು. ಚೇತರಿಸಿಕೊಳ್ಳುವಷ್ಟರಲ್ಲಿ ಕೊರೋನಾ ಬಂತು. 2021ರಲ್ಲಿ ಬಂದ ಪ್ರವಾಸಿಗರು ಎರಡು ಲಕ್ಷಕ್ಕಿಂತ ಕಡಿಮೆ!

ನಾವು ಸಾಫ್ಟ್‌ವೇರಿನವರು ಇದನ್ನು ಫೀಡ್‌ಬ್ಯಾಕ್ ಲೂಪ್ ಅನ್ನುತ್ತೇವೆ. ಪ್ರವಾಸಿಗ ಬರದಿದ್ದರೆ ಡಾಲರ್ ಇಲ್ಲ. ಡಾಲರ್ ಇಲ್ಲದಿದ್ದರೆ ಪೆಟ್ರೋಲ್, ಗ್ಯಾಸ್, ಔಷಧಿ ಆಮದು ಮಾಡಲಾಗದು. ಪೆಟ್ರೋಲ್ ಇಲ್ಲದ, ದಿನಕ್ಕೆ 13 ಗಂಟೆ ಕರೆಂಟ್ ಹೋಗುವ ದೇಶಕ್ಕೆ ಪ್ರವಾಸಿಗ ಯಾಕೆ ಬರುತ್ತಾನೆ? ಹಾಗಂತ ತಪ್ಪೆಲ್ಲ ಪ್ರವಾಸೋದ್ಯಮದ್ದಲ್ಲ. ವಿದೇಶಿ ಸಾಲ ಬೆಳೆದಿತ್ತು, 2019ರ ಕೊನೆಯಲ್ಲಿ ತೆರಿಗೆ ಇಳಿಸಿದ್ದರು, 2021ರಲ್ಲಿ ರಾಸಾಯನಿಕ ಗೊಬ್ಬರ ನಿಷೇಧಿಸಿ ಬೆಳೆಗೂ ಪೆಟ್ಟು ಬಿತ್ತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದು ಎಂದು ಸರಕಾರ ಘೋಷಿಸಿತು. ಜುಲೈನಲ್ಲಿ ರಾಷ್ಟ್ರಾಧ್ಯಕ್ಷರು ದೇಶ ಬಿಟ್ಟರು.

ನಾವು ಹೋದಾಗ ಉದ್ದನೆಯ ಕ್ಯೂಗಳು ಇರಲಿಲ್ಲ. ಆದರೆ ಪೆಟ್ರೋಲ್ ಇನ್ನೂ ಕ್ಯೂಆರ್ ಕೋಡ್ ತೋರಿಸಿ, ವಾರಕ್ಕೆ ಇಷ್ಟೇ ಲೀಟರ್ ಅಂತ. ಕ್ಯಾಂಡಿಯಲ್ಲಿ ಒಂದು ಸಂಜೆ ಕರೆಂಟ್ ಹೋಯಿತು. ನಮ್ಮ ಹೋಟೆಲಿನ ಜನರೇಟರ್ ಗುರ್ ಅಂತು, ದೀಪ ಬಂತು. ಎದುರಿನ ಬೀದಿ ಪೂರ್ತಿ ಕತ್ತಲು. ಏಳು ವರ್ಷದ ಮಗಳು ಕಿಟಕಿಯಲ್ಲಿ ನಿಂತು, "ಅಪ್ಪಾ, ಅವರಿಗೆ ಯಾಕೆ ಇಲ್ಲ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನ ನಮ್ಮ ವ್ಯಾನ್ ಡ್ರೈವರಿಗೆ ಆ ಮಾತು ಹೇಳಿದೆ. ಸಾಲ ಮಾಡಿ 2018ರಲ್ಲಿ ವ್ಯಾನ್ ಕೊಂಡಿದ್ದವರು. ಮುಂದಿನ ವರ್ಷವೇ ಬಾಂಬ್. ಆಮೇಲೆ ಮನೆಯ ಒಡವೆ ಮಾರಿ ಕಂತು ಕಟ್ಟಿದರಂತೆ. ಅರ್ಧ ತಮಿಳು, ಅರ್ಧ ಇಂಗ್ಲಿಷಿನಲ್ಲಿ ಅವರು ಹೇಳಿದ್ದಿಷ್ಟು: "ನೀವು ಬರದಿದ್ದರೆ ಆ ಬೀದಿಗೆ ಬೆಳಕು ಬರೋದಿಲ್ಲ ಸರ್. ಹೋಟೆಲೂ ಕತ್ತಲಾಗುತ್ತೆ, ಅಷ್ಟೆ."

ಹೆಂಡತಿ ಏನೂ ಮಾತಾಡಲಿಲ್ಲ. ಆದರೆ ಅಂದಿನಿಂದ ದೊಡ್ಡ ಹೋಟೆಲ್ ಬಿಟ್ಟು ಮನೆಗಳಲ್ಲಿ ನಡೆಸುವ ಗೆಸ್ಟ್‌ಹೌಸ್‌ಗಳಲ್ಲಿ ಉಳಿದೆವು. ಊಟ ಬೀದಿಬದಿಯ ಅಂಗಡಿಗಳಲ್ಲಿ. ಚೌಕಾಸಿ ಮಾಡುವ ನನ್ನ ಮೈಸೂರು ಚಟವನ್ನೂ ಅವಳೇ ಬಿಡಿಸಿದಳು!

2024ರಲ್ಲಿ ಅಲ್ಲಿಗೆ ಹೋದ ಪ್ರವಾಸಿಗರು ಮತ್ತೆ 20 ಲಕ್ಷ ದಾಟಿದರು. ಸಂತೋಷದ ಸುದ್ದಿ. ಆದರೆ ಒಂದೇ ಕಂಬದ ಮೇಲೆ ಮನೆ ನಿಲ್ಲಿಸಬಾರದು ಅನ್ನುವ ಪಾಠವೂ ಇಲ್ಲಿದೆ. ಒಂದು ಬೆಳಗಿನ ಸ್ಫೋಟಕ್ಕೆ ಖಾಲಿಯಾಗುವ ಆದಾಯ ಅದು.

ಕಷ್ಟದಲ್ಲಿರುವ ದೇಶಕ್ಕೆ ಎಲ್ಲರೂ ಹೋಗಿ ಅಂತ ನಾನು ಹೇಳಲಾರೆ. ಗುಂಡು ಹಾರುತ್ತಿರುವಾಗ, ಆಸ್ಪತ್ರೆ ತುಂಬಿರುವಾಗ ನಾವು ಹೊರೆಯೇ. ಆದರೆ ಬಿರುಗಾಳಿ ನಿಂತ ಮೇಲೆ ಬಾಗಿಲು ತೆರೆದು ಕಾಯುವವರಿರುತ್ತಾರೆ. ಆಗ ಹೋಗಿ. ಹೋದರೆ ದುಡ್ಡು ಯಾರ ಕೈಗೆ ಸೇರುತ್ತಿದೆ ಅಂತ ಒಮ್ಮೆ ನೋಡಿ.

ಅಂದ ಹಾಗೆ, ಆ ಡ್ರೈವರ್ ಹೊಸ ವರ್ಷಕ್ಕೆ ಮೆಸೇಜ್ ಕಳಿಸಿದ್ದರು. ವ್ಯಾನಿನ ಸಾಲ ತೀರಿತಂತೆ.